ಚಿಂಚಿಲ್ಲಾ ಸಾಕಣೆ: 150ರ ಲೆಕ್ಕ ಮತ್ತು ಉಳಿದ ಕೆಲವು ಟಿಪ್ಪಣಿಗಳು

ಚಿಂಚಿಲ್ಲಾ ಎಂಬ ದಟ್ಟ ತುಪ್ಪಳದ ಪುಟ್ಟ ಪ್ರಾಣಿಯನ್ನು ಸಾಕುವ ಬಗ್ಗೆ ಓದಲು ಕುಳಿತವರಿಗೆ ಬೇಗನೆ ಎದುರಾಗುವುದು ಒಂದು ಸೂತ್ರ. ಕೋಣೆಯ ತಾಪಮಾನವನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದುಕೊಳ್ಳಿ, ಅದಕ್ಕೆ ಗಾಳಿಯ ಆರ್ದ್ರತೆಯ ಶೇಕಡಾ ಅಂಕಿಯನ್ನು ಕೂಡಿಸಿ, ಮೊತ್ತ 150 ದಾಟಬಾರದು. ಅಮೆರಿಕದ ಸಾಕಣೆದಾರರ ನಡುವೆ ಬಳಕೆಯಲ್ಲಿರುವ ಲೆಕ್ಕ ಇದು. ಮೇವು, ಪಂಜರ, ಧೂಳುಸ್ನಾನ ಇವೆಲ್ಲ ಒಂದೆರಡು ಓದಿಗೆ ತಲೆಗೆ ಹತ್ತುತ್ತವೆ. ಈ ಕೂಡುವ ಲೆಕ್ಕ ಮಾತ್ರ ನನ್ನನ್ನು ಬಹಳ ಸತಾಯಿಸಿತು. ಟಿಪ್ಪಣಿಯ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಪ್ರಾಣಿ ಎಲ್ಲಿಯದು

ಅರ್ಧ ಕಿಲೋ ಆಸುಪಾಸಿನ ದಂಶಕ, ಎಂದರೆ ಇಲಿ, ಅಳಿಲುಗಳ ಗುಂಪಿನದು. ಚೆನ್ನಾಗಿ ನೋಡಿಕೊಂಡರೆ 15 ವರ್ಷ, ಕೆಲವೊಮ್ಮೆ 20 ವರ್ಷ ಬದುಕುತ್ತದೆ. ಚಿಲಿ ದೇಶದ ಇಯಾಪೆಲ್ ಪಟ್ಟಣದ ಬಳಿಯ ಒಣ ಬಂಡೆಗುಡ್ಡಗಳಲ್ಲಿ ಇದರ ಕಾಡು ಬಂಧುಗಳು ಇನ್ನೂ ಇವೆ. 1983ರಲ್ಲಿ ಅಲ್ಲೊಂದು ರಾಷ್ಟ್ರೀಯ ಮೀಸಲು ಪ್ರದೇಶ ಸ್ಥಾಪನೆಯಾಯಿತು. ತುಪ್ಪಳಕ್ಕಾಗಿ ಬೇಟೆಯಾಡಿ ಅಳಿವಿನ ಅಂಚಿಗೆ ತಂದ ಮೇಲೆ ಬಂದ ರಕ್ಷಣೆ. ಗಣಿ ಎಂಜಿನಿಯರ್ ಮಥಾಯಸ್ ಚಾಪ್‌ಮನ್ 1923ರಲ್ಲಿ ಹನ್ನೊಂದು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. ತಗ್ಗು ಪ್ರದೇಶದ ಸೆಕೆಗೆ ಹೊಂದಿಕೊಳ್ಳಲೆಂದು ಅವನ್ನು ಬೆಟ್ಟದಿಂದ ಹಂತಹಂತವಾಗಿ ಕೆಳಗಿಳಿಸಬೇಕಾಯಿತು. ಸೆಕೆಯ ಸಮಸ್ಯೆ ಅಂದಿನಿಂದಲೂ ಈ ಪ್ರಾಣಿಯ ಬೆನ್ನಿಗಿದೆ.

ಕಾರಣ ತುಪ್ಪಳ. ಒಂದೊಂದು ರೋಮರಂಧ್ರದಿಂದ 50ಕ್ಕೂ ಹೆಚ್ಚು ಎಳೆ ಹೊರಡುತ್ತವೆ. ಬೆವರುವುದಿಲ್ಲ. ಶಾಖ ಹೊರಹೋಗಲು ಇರುವ ಮುಖ್ಯ ದಾರಿ ಆ ಅಗಲ ಕಿವಿಗಳು.

150ರ ಲೆಕ್ಕ

ನಮಗೆ ಸೆಲ್ಸಿಯಸ್ ರೂಢಿ, ಹೀಗಾಗಿ ಸೂತ್ರವನ್ನು ಬದಲಿಸಿಕೊಂಡೆ. ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿ, ಬಂದುದರಲ್ಲಿ ಹತ್ತನೇ ಒಂದು ಭಾಗ ಕಳೆದು, ಆರ್ದ್ರತೆ ಕೂಡಿಸಿ. ಮೊತ್ತ 118ರ ಒಳಗಿರಬೇಕು. 25 ಡಿಗ್ರಿ, 60 ಶೇಕಡಾ ಎಂದಾದರೆ: 50, ಅದರಲ್ಲಿ 5 ಕಳೆದು 45, ಕೂಡಿಸಿ 105. ಪಾಸ್. ಬೆಂಗಳೂರಿನ ಮಳೆಗಾಲದ ಒಂದು ಮಧ್ಯಾಹ್ನ 27 ಡಿಗ್ರಿ, 80 ಶೇಕಡಾ ಎಂದುಕೊಳ್ಳಿ: 54, ಅದರಲ್ಲಿ 5.4 ಕಳೆದು 48.6, ಕೂಡಿಸಿ 128.6. ಫೇಲ್. ‘ನಮ್ಮ ಬೆಂಗಳೂರು ತಂಪು’ ಎಂಬ ಮಾತು ಮನುಷ್ಯರ ಮಟ್ಟಿಗೆ ಸರಿ. ಮಂಗಳೂರಿಗೆ ಲೆಕ್ಕ ಹಾಕುವ ಶ್ರಮವೇ ಬೇಡ.

ಕಗ್ಗಂಟು ಶುರುವಾಗುವುದು ಇಲ್ಲಿಂದ. 30 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ 50 ಇದೆ ಎನ್ನಿ. ಮೂಲ ಸೂತ್ರದಲ್ಲಿ 86 ಮತ್ತು 50, ಒಟ್ಟು 136; ಪಾಸ್. ಅದೇ ಗಾಳಿಯನ್ನು, ನೀರಿನಂಶ ಒಂದಿಷ್ಟೂ ತೆಗೆಯದೆ, 20 ಡಿಗ್ರಿಗೆ ತಣಿಸಿದರೆ? ಸಾಪೇಕ್ಷ ಆರ್ದ್ರತೆ ಎಂದರೆ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದಲ್ಲ. ಆ ಬಿಸಿಯಲ್ಲಿ ಗಾಳಿ ಹಿಡಿದಿಡಬಲ್ಲ ಗರಿಷ್ಠ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬುದು. ಬಿಸಿ ಗಾಳಿ ದೊಡ್ಡ ಕೊಡ, ತಣ್ಣನೆಯ ಗಾಳಿ ಚಿಕ್ಕ ಚೊಂಬು. 30 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ನಮ್ಮ ಕೋಣೆಯಲ್ಲಿ ಇದ್ದದ್ದು 15 ಗ್ರಾಂ. ಅದು ಕೊಡಕ್ಕೆ ಅರ್ಧ, ಚೊಂಬಿಗೆ ಹೆಚ್ಚುಕಡಿಮೆ ಕಂಠಮಟ್ಟ: 88 ಶೇಕಡಾ. ಈಗ ಸೂತ್ರ ಹಾಕಿ. 68 ಮತ್ತು 88, ಒಟ್ಟು 156. ತಣಿಸಿದ ಕೋಣೆ ಫೇಲ್, ಸೆಕೆಯ ಕೋಣೆ ಪಾಸ್!

ಉತ್ತರ ಎರಡು ಭಾಗದಲ್ಲಿ ಸಿಕ್ಕಿತು. ಒಂದು, ಎ.ಸಿ. ಗಾಳಿಯನ್ನು ಬರೇ ತಣಿಸುವುದಿಲ್ಲ. ಗೋಡೆಯಾಚೆಗಿನ ಕೊಳವೆಯಿಂದ ದಿನವಿಡೀ ತೊಟ್ಟಿಕ್ಕುವ ನೀರು ಕೋಣೆಯ ಗಾಳಿಯಲ್ಲಿದ್ದದ್ದೇ. ಆದ್ದರಿಂದ 88 ಎಂಬ ಅಂಕಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಎರಡು, ಇದು ಭೌತಶಾಸ್ತ್ರದ ನಿಯಮವೇ ಅಲ್ಲ. ಡಿಗ್ರಿಗೂ ಶೇಕಡಾಕ್ಕೂ ಗಂಟು ಹಾಕಿದ ಕೈಲೆಕ್ಕ. ಒಣ ಸೆಕೆಯಲ್ಲಿ ಅದು ನೇರವಾಗಿ ದಾರಿ ತಪ್ಪಿಸುತ್ತದೆ: 90 ಫ್ಯಾರನ್‌ಹೀಟ್, ಆರ್ದ್ರತೆ 30 ಇದ್ದರೆ ಮೊತ್ತ 120, ಸುಖವಾಗಿ ಪಾಸ್, ಆದರೆ 90 ಫ್ಯಾರನ್‌ಹೀಟ್ ಎಂದರೆ 32 ಡಿಗ್ರಿ, ಅಷ್ಟರಲ್ಲಿ ಚಿಂಚಿಲ್ಲಾ ಸಾಯಬಹುದು. ಹಾಗಾಗಿ ಮೊದಲು ತಾಪಮಾನವನ್ನೊಂದೇ ನೋಡಬೇಕು. 15ರಿಂದ 21 ಡಿಗ್ರಿ ಹಿತ; 27 ಎಂಬುದು ಲಕ್ಷ್ಮಣರೇಖೆ, ಗಾಳಿ ಎಷ್ಟೇ ಒಣಗಿರಲಿ. ಆ ಪರೀಕ್ಷೆ ದಾಟಿದ ಮೇಲಷ್ಟೇ 150ರ ಮಾತು.

ಬೆವರದ ಪ್ರಾಣಿಗೆ ಆರ್ದ್ರತೆಯ ಚಿಂತೆ ಏಕೆ ಎಂಬ ಪ್ರಶ್ನೆಯೂ ಸಹಜ. ಮೂಗು, ಉಸಿರುದಾರಿಗಳಿಂದ ಒಂದಿಷ್ಟು ನೀರು ಆವಿಯಾಗಿ ದೇಹ ತಣಿಯುತ್ತದೆ, ತೇವದ ಗಾಳಿಯಲ್ಲಿ ಅದೂ ಕುಂಠಿತ. ಜೊತೆಗೆ ಆ ದಟ್ಟ ತುಪ್ಪಳಕ್ಕೆ ತೇವ ಹಿಡಿದರೆ ಬೇಗ ಆರುವುದಿಲ್ಲ, ಚರ್ಮಕ್ಕೆ ಶಿಲೀಂಧ್ರ ತಗಲುತ್ತದೆ. ಆರ್ದ್ರತೆ 50ರ ಒಳಗಿದ್ದರೆ ನೆಮ್ಮದಿ.

ಇಷ್ಟು ಅರ್ಥವಾದರೆ ಉಪಾಯಗಳನ್ನು ನಾವೇ ತೂಗಿ ನೋಡಬಹುದು. ಫ್ಯಾನ್ ನಮ್ಮ ಬೆವರನ್ನು ಆರಿಸುತ್ತದೆ. ಬೆವರದ, ತುಪ್ಪಳ ಹೊದ್ದ ಪ್ರಾಣಿಗೆ ಬಿಸಿ ಗಾಳಿಯನ್ನೇ ಸುತ್ತ ತಿರುಗಿಸುತ್ತದೆ. ಕಲಬುರಗಿ, ರಾಯಚೂರಿನ ಮನೆಗಳನ್ನು ಬೇಸಿಗೆಯಲ್ಲಿ ಕಾಪಾಡುವ ಕೂಲರ್ ಇಲ್ಲಿ ಸಲ್ಲದು, ಅದು ತಣಿಸುವುದೇ ಗಾಳಿಗೆ ನೀರು ಬೆರೆಸಿ. ಒದ್ದೆ ಬಟ್ಟೆ ತೂಗುಹಾಕುವುದೂ ಅದೇ ಜಾತಿಯದು. ಮಲಗಲು ಗ್ರಾನೈಟ್ ತುಂಡೊಂದನ್ನು ಇಡುವುದು ಒಳ್ಳೆಯದು, ಆದರೆ ಅದು ಎ.ಸಿ.ಗೆ ಪರ್ಯಾಯವಲ್ಲ.

ಕಿವಿ ಕೆಂಪೇರಿ, ಅದರ ರಕ್ತನಾಳಗಳು ಉಬ್ಬಿ ಕಂಡರೆ ಅದು ಮೊದಲ ಎಚ್ಚರಿಕೆ. ಏದುಸಿರು, ಜೊಲ್ಲು, ಪಕ್ಕಕ್ಕೆ ವಾಲಿ ಮಲಗಿ ಏಳದಿರುವುದು ಮುಂದಿನ ಹಂತ. ತಂಪಾದ ಕೋಣೆಗೆ ಸಾಗಿಸಿ ತಕ್ಷಣ ಪಶುವೈದ್ಯರನ್ನು ಕರೆಯಬೇಕು. ಐಸ್ ನೀರಿನಲ್ಲಿ ಅದ್ದಬಾರದು.

ಧೂಳುಸ್ನಾನ

ನೀರಿನ ಸ್ನಾನ ಇಲ್ಲ. ಜ್ವಾಲಾಮುಖಿ ಕಲ್ಲಿನ ಹಿಟ್ಟಿನಂಥ ನುಣುಪು ಪುಡಿಯನ್ನು ಆಳವಾದ ಪಾತ್ರೆಯಲ್ಲಿಟ್ಟರೆ, ಮುಂಗಾಲಿನಿಂದ ಎರಡು ಬಾರಿ ಕೆದರಿ, ಭುಜ ತಗ್ಗಿಸಿ, ಒಮ್ಮೆಗೇ ಸುರುಳಿ ಸುತ್ತಿ ಬೀಳುತ್ತದೆ. ಪುಡಿ ಬುಡದವರೆಗೂ ಇಳಿದು ಎಣ್ಣೆಯಂಶವನ್ನೂ ತೇವವನ್ನೂ ಹೀರುತ್ತದೆ. ಮರಳು ದಪ್ಪ, ಅದರಿಂದ ಈ ಕೆಲಸ ಆಗುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ 10-15 ನಿಮಿಷ ಸಾಕು. ಪಾತ್ರೆಯನ್ನು ಒಳಗೇ ಬಿಟ್ಟರೆ ಕಣ್ಣು ಉರಿಯುತ್ತದೆ, ಅದನ್ನೇ ಶೌಚಾಲಯವನ್ನಾಗಿಯೂ ಮಾಡಿಕೊಳ್ಳುತ್ತದೆ.

ಮೇವು, ಹಲ್ಲು, ಔಷಧಿ

ಟಿಮೊತಿಯಂಥ ಒಣಹುಲ್ಲು ಸದಾ ಸಿಗುತ್ತಿರಬೇಕು. ಪೆಲೆಟ್ (ಗುಳಿಗೆಯಂತೆ ಒತ್ತಿದ ಮೇವು) ದಿನಕ್ಕೆ ಒಂದೆರಡು ದೊಡ್ಡ ಚಮಚ. ಒಣದ್ರಾಕ್ಷಿ, ಗೋಡಂಬಿ, ಬಾಳೆಹಣ್ಣು ಪ್ರೀತಿಯಿಂದ ಕೊಟ್ಟರೂ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ವಾಂತಿ ಮಾಡುವ ಶಕ್ತಿ ಇದಕ್ಕಿಲ್ಲ. ಇಪ್ಪತ್ತು ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ, ಹುಲ್ಲಿನ ಒರಟೇ ಅವನ್ನು ಸವೆಸುತ್ತದೆ. ಬಾಚಿಹಲ್ಲು ಕಿತ್ತಳೆ ಬಣ್ಣಕ್ಕಿದ್ದರೆ ಗಾಬರಿ ಬೇಡ, ಅದೇ ಆರೋಗ್ಯದ ಬಣ್ಣ. ಗಲ್ಲದ ಕೆಳಗೆ ತುಪ್ಪಳ ಒದ್ದೆಯಾಗಿದ್ದರೆ ದವಡೆ ಹಲ್ಲಿನ ತೊಂದರೆ ಇರಬಹುದು.

ಎತ್ತುವಾಗ ತುಪ್ಪಳ ಹಿಡಿದೆಳೆಯಬೇಡಿ. ಬೆದರಿದರೆ ಹಿಡಿದಷ್ಟು ಕೂದಲು ಕೈಯಲ್ಲೇ ಬಿಟ್ಟು ಪಾರಾಗುತ್ತದೆ. ಪಂಜರದ ತಳ ಬರೀ ತಂತಿಯದಾದರೆ ಅಂಗಾಲು ಹುಣ್ಣಾಗುತ್ತದೆ. ಪ್ಲಾಸ್ಟಿಕ್ ಇಟ್ಟರೆ ಕಡಿದು ನುಂಗುತ್ತದೆ.

ಔಷಧಿಯ ವಿಷಯ ಒಂದೇ, ಆದರೆ ದೊಡ್ಡದು. ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಕುತ್ತು. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆ ಮುಟ್ಟಬೇಡಿ. ನಾಯಿ, ಬೆಕ್ಕುಗಳನ್ನೇ ಹೆಚ್ಚು ನೋಡುವ ವೈದ್ಯರ ಬಳಿ ಹೋದರೆ ಈ ಎರಡು ಹೆಸರನ್ನು ನೀವೇ ಎತ್ತಿ ಕೇಳಿ. ಕಾಯಿಲೆಯನ್ನು ಬಚ್ಚಿಡುವುದು ಇದರ ಸ್ವಭಾವ, ಹಾಗಾಗಿ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗ್ರಾಂಗಳಲ್ಲಿ ಬರೆದಿಡಿ. ತೂಕ ಇಳಿಯುತ್ತಿದ್ದು, ಹಿಕ್ಕೆಯೂ ಸಣ್ಣದಾಗಿ ಒಣಗಿ ಬರುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ.