ಒಂದು ಬಿಟ್ಟು ಒಂದು ಲಾರಿ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ವೇಬ್ರಿಡ್ಜ್, ಡ್ರೈಯರ್, ಗೋದಾಮು, ಲೆಕ್ಕದ ಕೋಣೆ ನಾಲ್ಕೂ ಕಡೆ ಒಂದೊಂದು ಸಣ್ಣ ಲಿನಕ್ಸ್ ಕಂಪ್ಯೂಟರ್ ಇದೆ. ಅವುಗಳ ನಡುವಿನ ಸಂದೇಶಗಳಿಗೆ ನಾನು ಆರಿಸಿದ್ದು ಟಿಐಪಿಸಿ, ಅಂದರೆ ಒಂದು ಜಾಲದ ಯಂತ್ರಗಳಲ್ಲಿನ ಪ್ರೋಗ್ರಾಂಗಳು ಪರಸ್ಪರ ಮಾತಾಡುವ ನಿಯಮಾವಳಿ. ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಈ ಪ್ರೋಟೋಕಾಲ್ 2006ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ.

ಭತ್ತದ ಸುಗ್ಗಿಯ ಒಂದು ಬೆಳಿಗ್ಗೆ ಗುಮಾಸ್ತರು, "ಸರ್, ಒಂದು ಬಿಟ್ಟು ಒಂದು ಲಾರಿಯ ತೂಕ ಲೆಕ್ಕಕ್ಕೆ ಏರುತ್ತಿಲ್ಲ" ಎಂದರು. ಕಳುಹಿಸುವ ಕಡೆಯ ಲಾಗ್‌ನಲ್ಲಿ ಒಂದೇ ಒಂದು ದೋಷವಿರಲಿಲ್ಲ.

ಹೊಸ ಊರಿಗೆ ಹೋದವರು ಮನೆ ನಂಬರು ಕೇಳುವುದಿಲ್ಲ, ಕಮ್ಮಾರನ ಮನೆ ಎಲ್ಲಿ ಎಂದು ಕೇಳುತ್ತಾರೆ. ಟಿಐಪಿಸಿಯೂ ಹಾಗೆಯೇ. ಯಂತ್ರದ ವಿಳಾಸ ಬೇಕಿಲ್ಲ. ಸೇವೆಯ ಬಗೆ ಮತ್ತು ಅದರ ಕ್ರಮಸಂಖ್ಯೆ, ಈ ಎರಡು ಅಂಕಿ ಸಾಕು. 0ರಿಂದ 63ರವರೆಗಿನ ಬಗೆಗಳು ಪ್ರೋಟೋಕಾಲ್‌ಗೇ ಮೀಸಲು. ತೂಕದ ದಾಖಲೆಗೆ ನಾನು 1200 ಕೊಟ್ಟಿದ್ದೆ, ವೇಬ್ರಿಡ್ಜ್‌ಗೆ 1. ಸ್ವೀಕರಿಸುವ ಸಾಕೆಟ್ (ಪ್ರೋಗ್ರಾಂ ಸಂದೇಶ ಪಡೆಯುವ ಬಾಗಿಲು) ಈ ಜೋಡಿಗೆ ಬೈಂಡ್ ಆದರೆ, ಅಂದರೆ ಈ ಹೆಸರು ತನ್ನದೆಂದು ನೋಂದಾಯಿಸಿದರೆ, ಸುದ್ದಿ ಎಲ್ಲ ನೋಡ್‌ಗಳ (ಜಾಲದ ಯಂತ್ರಗಳ) ಹೆಸರುಪಟ್ಟಿಗೆ ತಲುಪುತ್ತದೆ.

ಊರಲ್ಲಿ ಇಬ್ಬರು ಕಮ್ಮಾರರಿದ್ದರೆ? ಟಿಐಪಿಸಿ ಅದನ್ನು ತಪ್ಪೆಂದು ಎಣಿಸುವುದಿಲ್ಲ, ಸರದಿಯಂತೆ ಕೆಲಸ ಹಂಚುತ್ತದೆ. ಹೆಸರುಪಟ್ಟಿ ತೆರೆದೆ: 1200, 1 ಎರಡು ಸಾಲುಗಳಲ್ಲಿತ್ತು. ಎರಡನೆಯದು ಹಿಂದಿನ ಸಂಜೆ ಪರೀಕ್ಷೆಗೆಂದು ಸ್ವಿಚ್‌ಗೆ ಸಿಕ್ಕಿಸಿ ಮರೆತ ನನ್ನದೇ ಲ್ಯಾಪ್‌ಟಾಪ್. ಕ್ಲಸ್ಟರ್ ಗುರುತು (ಯಂತ್ರ ಯಾವ ಗುಂಪಿನದು ಎಂಬ ಸಂಖ್ಯೆ) ಎರಡೂ ಕಡೆ ನಾವು ಬದಲಿಸದಿದ್ದರೆ ತಾನಾಗಿ ಇರುವ 4711 ಆಗಿದ್ದರಿಂದ ಅದು ಯಾರನ್ನೂ ಕೇಳದೆ ಮನೆಯ ಸದಸ್ಯನಾಗಿತ್ತು.

ಪ್ರತಿ ತೂಕವನ್ನೂ ಸೇವೆಯ ಹೆಸರಿಗೆ ಬಿಡಿಬಿಡಿಯಾಗಿ ಕಳುಹಿಸಿದ್ದೇ ನನ್ನ ಸೋಮಾರಿತನ. ಕನೆಕ್ಟ್ ಮಾಡಿದ್ದರೆ ಹೆಸರಿನ ಹುಡುಕಾಟ ಒಮ್ಮೆ ಮಾತ್ರ; ಆಮೇಲೆ ಎರಡು ಸಾಕೆಟ್‌ಗಳು ಪರಸ್ಪರ ಅಂಟಿಕೊಳ್ಳುತ್ತವೆ. ಆಚೆಯ ಪ್ರೋಗ್ರಾಂ ಸತ್ತರೆ ಈಚೆಗೆ ತಿಳಿಯುತ್ತದೆ. ಆಚೆಯ ಯಂತ್ರವೇ ಮೌನವಾದರೂ, ಮೂಲ ಸೆಟ್ಟಿಂಗ್‌ನಲ್ಲಿ 1500 ಮಿಲಿಸೆಕೆಂಡ್ ಕಾದು ಸಂಪರ್ಕ ಮುರಿಯುತ್ತದೆ. ಪ್ರತ್ಯೇಕ ಕನೆಕ್ಟ್ ಕರೆಯೂ ಕಡ್ಡಾಯವಲ್ಲ: ಮೊದಲ ಸಂದೇಶದಲ್ಲೇ ಮಾಹಿತಿ ತುಂಬಿ ಕಳುಹಿಸಬಹುದು, ಕದ ತಟ್ಟುತ್ತಲೇ ಬಂದ ಕೆಲಸ ಹೇಳಿದಂತೆ.

ನೋಡ್ ಮತ್ತು ಪೋರ್ಟ್ (ಆ ಯಂತ್ರದೊಳಗೆ ಸಾಕೆಟ್‌ನ ಸಂಖ್ಯೆ) ಸೇರಿದ ಸಾಕೆಟ್ ವಿಳಾಸವೂ ಉಂಟು. ಅದನ್ನು ಸೆಟ್ಟಿಂಗ್ ಕಡತದಲ್ಲಿ ಬರೆದಿಡುವವರನ್ನು ಕಂಡರೆ ನನಗೆ ಸಿಟ್ಟು. ಸಾಕೆಟ್ ಹುಟ್ಟಿದಾಗ ಕರ್ನೆಲ್ ಕೊಡುವ ಪೋರ್ಟ್ ಅದು. ಪ್ರೋಗ್ರಾಂ ಮರುಚಾಲನೆಯಾದರೆ ಬದಲಾಗುತ್ತದೆ.

ಗಿರಣಿಯ ಕ್ಲಸ್ಟರ್ ಗುರುತು ಬದಲಿಸಿದೆ. ಪರೀಕ್ಷೆಯ ಬೈಂಡ್‌ಗಳಿಗೆ ನೋಡ್ ವ್ಯಾಪ್ತಿ ಮಾತ್ರ ಕೊಟ್ಟೆ, ಅವು ಆ ಯಂತ್ರದಾಚೆ ಕಾಣದಂತೆ. ಕಳೆದುಹೋಗಿದ್ದ ಲಾರಿಗಳೆಲ್ಲ ನನ್ನ ಲ್ಯಾಪ್‌ಟಾಪಿನ ಪರೀಕ್ಷಾ ಕಡತದಲ್ಲಿ ಸಾಲಾಗಿ ನಿಂತಿದ್ದವು, ಕಿಲೋ ಸಮೇತ.