ಚೀಟಿಯಲ್ಲಿ ಬರೆದ ರೋಗದ ಹೆಸರು

ಮಳೆಗಾಲ ಹಿಡಿಯಿತೆಂದರೆ ಬೆಳಗಾವಿಯ ಆಸ್ಪತ್ರೆಗಳಲ್ಲಿ ಜ್ವರದವರದೇ ಸಾಲು. ಖಾನಾಪುರ, ಬೈಲಹೊಂಗಲ ಕಡೆಯಿಂದ ಬರುವವರ ಕೈಯಲ್ಲಿ ಅಲ್ಲಿನ ಡಾಕ್ಟರು ಕೊಟ್ಟ ಒಂದು ಚೀಟಿ ಇರುತ್ತದೆ. ಅದರಲ್ಲಿ ಡೆಂಗಿ ಎಂದು ಬರೆದಿರುತ್ತದೆ. “ಡೆಂಗಿ ಆಗೇತ್ರಿ ಸರ್, ಪ್ಲೇಟ್‌ಲೆಟ್ ಎಷ್ಟದಾವ ನೋಡ್ರಿ” ಅಂತ ಮನೆಯವರೂ ಹೇಳುತ್ತಾರೆ. ಇಷ್ಟು ಕೇಳಿದ ಮೇಲೆ ಡಾಕ್ಟರ ತಲೆ ಬೇರೆ ಕಡೆ ಹೋಗುವುದು ಕಷ್ಟ.

ಮೊದಲು ಕಿವಿಗೆ ಬಿದ್ದದ್ದಕ್ಕೇ ಮನಸ್ಸು ಅಂಟಿಕೊಳ್ಳುತ್ತದೆ ಎಂದು ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನೆಮನ್ 1974ರಲ್ಲೇ ಬರೆದರು. ಈಚೆಗೆ ಜಾಸ್ತಿ ಕಂಡದ್ದೇ ಬೇಗ ನೆನಪಾಗುತ್ತದೆ ಎಂದೂ ಹೇಳಿದರು. ವಾರವಿಡೀ ಡೆಂಗಿ ನೋಡಿದವರಿಗೆ ಮುಂದಿನ ಜ್ವರವೂ ಡೆಂಗಿಯೇ ಅನ್ನಿಸುತ್ತದೆ, ಅಲ್ವಾ?

ಆದರೆ ಡೆಂಗಿಯಂತೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿಸುವ ಜ್ವರಗಳು ಬೇರೆಯೂ ಇವೆ. ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್. ಈ ಕೊನೆಯದು ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಡಿದು ಬರುತ್ತದೆ. ಕಡಿದ ಜಾಗದಲ್ಲಿ ಹಲವರಿಗೆ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಹಾಗಾಗಿ ರೋಗಿ ಹೇಳುವುದೇ ಇಲ್ಲ. ಕಂಕುಳು, ತೊಡೆಸಂದು, ಎದೆಯ ಕೆಳಗೆ, ಉಡದಾರ ಕಟ್ಟುವ ಜಾಗ ಎಲ್ಲವನ್ನೂ ಬಟ್ಟೆ ಸರಿಸಿ ನೋಡಬೇಕು. ಚೀಟಿ ನಂಬಿದವರು ನೋಡುವುದಿಲ್ಲ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಸಾಕು, ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮಿದುಳಿಗೆ ಏಟು. ಸಿಗುವ ಔಷಧಿ ಕೈಯಲ್ಲಿದ್ದೂ ಜೀವ ಹೋಗುವುದನ್ನು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ಮನಸ್ಸಿನ ಈ ಒಲವುಗಳ ಹೆಸರು ಬಾಯಿಪಾಠ ಮಾಡಿದರೆ ಏನೂ ಬದಲಾಗದು. ಕೆಲಸದಲ್ಲೇ ಒಂದು ತಡೆ ಬೇಕು. ರೌಂಡ್ಸ್‌ನಲ್ಲಿ ನಾನು ಕಿರಿಯ ಡಾಕ್ಟರಿಗೆ ಕೇಳುವುದು ಇಷ್ಟೇ: ಇದು ಡೆಂಗಿ ಅಲ್ಲದಿದ್ದರೆ ಮತ್ತೇನು? ಡೆಂಗಿಗೆ ಹೊಂದದ ಒಂದು ಸಂಗತಿ ತೋರಿಸಿ. ಡೆಂಗಿ ಜ್ವರ ಹೆಚ್ಚಾಗಿ ಏಳು ದಿನದೊಳಗೆ ಬಿಡುತ್ತದೆ. ಎಂಟನೇ ದಿನವೂ ಮೈ ಸುಡುತ್ತಿದ್ದರೆ ಕೇಸ್ ಶೀಟನ್ನು ಮೊದಲಿಂದ ಓದಬೇಕು. ಡ್ಯೂಟಿ ಬದಲಾಗುವಾಗ ‘ಡೆಂಗಿ’ ಎನ್ನುವ ಬದಲು ‘ಐದು ದಿನದ ಜ್ವರ, ಪ್ಲೇಟ್‌ಲೆಟ್ ಕಡಿಮೆ, ಡೆಂಗಿ ಇರಬಹುದು’ ಎಂದು ಬರೆಯಬೇಕು. ಆ ‘ಇರಬಹುದು’ ರಾತ್ರಿ ಬರುವ ಡಾಕ್ಟರಿಗೆ ಯೋಚಿಸಲು ಜಾಗ ಬಿಡುತ್ತದೆ.

‘ಗ್ಯಾಸ್’ ಎಂದು ಬರುವ ಹೊಟ್ಟೆ ಮೇಲ್ಭಾಗದ ಉರಿಗೂ ಇದೇ ಮಾತು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವೂ ಹಾಗೆ ಕಾಣಿಸಬಹುದು. ಮೊದಲು ಇಸಿಜಿ, ಆಮೇಲೆ ಗ್ಯಾಸಿನ ಮಾತ್ರೆ.

ರೋಗಿಯ ಮನೆಯವರೇ, ಚೀಟಿ ಕೊಡುವ ಮೊದಲು ಜ್ವರ ಬಂದ ದಿನದಿಂದ ಕತೆ ಹೇಳಿ. ಹೊಲಕ್ಕೆ, ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ. “ಬ್ಯಾರೆ ಏನರ ಇರಬಹುದೇನ್ರಿ?” ಎಂದು ಧೈರ್ಯವಾಗಿ ಕೇಳಿ.