ಟೇಪರಿಂಗ್: ಆತಂಕದ ಮಾತ್ರೆಯನ್ನು ಹಂತಹಂತವಾಗಿ ಇಳಿಸುವುದು

ಆತಂಕಕ್ಕೋ ಪ್ಯಾನಿಕ್ ಅಟ್ಯಾಕ್‌ಗೋ ತೆಗೆದುಕೊಳ್ಳುತ್ತಿರುವ ಮಾತ್ರೆಯ ಡೋಸನ್ನು, ಡಾಕ್ಟರ್ ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗಿ ನಿಲ್ಲಿಸುವುದಕ್ಕೆ ಟೇಪರಿಂಗ್ ಎನ್ನುತ್ತಾರೆ.

ಶುರು ಮಾಡುವಾಗಲೂ ಆತುರ ಸಲ್ಲದು. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಎಸ್ಎಸ್ಆರ್‌ಐ ಎಂಬ ಗುಂಪಿನ ಮಾತ್ರೆಗಳನ್ನು ಕಡಿಮೆ ಡೋಸಿನಿಂದ ಶುರು ಮಾಡಿ ಏರಿಸುತ್ತಾರೆ. ಮೊದಲ ಒಂದೆರಡು ವಾರ ಹೊಟ್ಟೆ ತೊಳಸಬಹುದು, ನಿದ್ದೆ ಕೆಡಬಹುದು, ಚಡಪಡಿಕೆ ಇನ್ನೂ ಜಾಸ್ತಿಯಾಗಬಹುದು. ‘ಇದು ನನಗೆ ಆಗಿಬರಲ್ಲ’ ಅಂತ ಎಷ್ಟೋ ಜನ ಮಾತ್ರೆ ಬಿಡುವುದು ಇಲ್ಲೇ. ಗುಣ ಕಾಣಿಸಲು 2ರಿಂದ 6 ವಾರ ಹಿಡಿಯುತ್ತದೆ. ಆದರೆ ಬದುಕೇ ಬೇಡ ಎನಿಸಿದರೆ ಕಾಯಬಾರದು, ಆಗಲೇ ಡಾಕ್ಟರಿಗೆ ತಿಳಿಸಬೇಕು.

ಆರಾಮಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮಾತ್ರೆ ಮುಂದುವರಿಸುತ್ತಾರೆ. ಆಮೇಲೆ ಟೇಪರಿಂಗ್. ಡೋಸ್ ಅರ್ಧ ಮಾಡಿದರೆ ಮಿದುಳಿನ ಮೇಲಿನ ಪರಿಣಾಮವೂ ಅರ್ಧ ಆಗುತ್ತದೆ ಅನ್ನಿಸುತ್ತೆ, ಅಲ್ವಾ? ಹಾಗಾಗುವುದಿಲ್ಲ. ಸಣ್ಣ ಡೋಸಿಗೂ ದೊಡ್ಡ ಪರಿಣಾಮ ಇರುತ್ತದೆ. ಹಾಗಾಗಿ 20ರಿಂದ 10 ಮಿಲಿಗ್ರಾಂಗೆ ಸುಲಭವಾಗಿ ಇಳಿದವರು 5ರಿಂದ ಸೊನ್ನೆಗೆ ಬರುವಾಗ ಒದ್ದಾಡಬಹುದು. ಕೊನೆಯ ಮೆಟ್ಟಿಲುಗಳೇ ಅತಿ ಚಿಕ್ಕದಾಗಿರಬೇಕು. ಅದಕ್ಕೆ ಕೆಲವರಿಗೆ ದ್ರವರೂಪದ ಔಷಧಿ ಕೊಡುತ್ತಾರೆ. ದಿನ ಬಿಟ್ಟು ದಿನ ನುಂಗುವುದು ಒಳ್ಳೆಯ ಉಪಾಯವಲ್ಲ, ರಕ್ತದಲ್ಲಿ ಔಷಧಿಯ ಮಟ್ಟ ಸುಮ್ನೆ ಏರಿಳಿಯುತ್ತದೆ.

ಇಳಿಸುವಾಗ ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು, ವಿಚಿತ್ರ ಕನಸು, ಸಿಡುಕು ಬರಬಹುದು. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಇವು ಶುರುವಾದರೆ, ಅದರಲ್ಲೂ ಮೊದಲು ಇಲ್ಲದ ಕರೆಂಟ್ ಅನುಭವ ಜೊತೆಗಿದ್ದರೆ, ಹೆಚ್ಚಾಗಿ ಅದು ಮಾತ್ರೆ ಇಳಿದದ್ದರ ಪರಿಣಾಮ. ಕಾಯಿಲೆ ಮರುಕಳಿಸುವುದು ಸಾಮಾನ್ಯವಾಗಿ ನಿಧಾನವಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಈ ವ್ಯತ್ಯಾಸ ಗೊತ್ತಿಲ್ಲದೆ ‘ನನಗೆ ಜೀವನಪೂರ್ತಿ ಮಾತ್ರೆಯೇ ಗತಿ’ ಎಂದು ಯಾರೂ ಕುಗ್ಗಬಾರದು. ಯಾವ ದಿನ ಡೋಸ್ ಇಳಿಸಿದಿರಿ, ಯಾವ ದಿನ ಏನಾಯಿತು ಎಂದು ಬರೆದಿಟ್ಟರೆ ಡಾಕ್ಟರಿಗೂ ಹೇಳಲು ಸುಲಭ. ತಡೆಯಲಾಗದಿದ್ದರೆ ಹಿಂದಿನ ಡೋಸಿಗೆ ಮರಳಿ, ಇನ್ನೂ ನಿಧಾನವಾಗಿ ಇಳಿಸುತ್ತಾರೆ.

ಆತಂಕಕ್ಕೆ ಕೊಡುವ ಇನ್ನೊಂದು ಗುಂಪಿನ ಮಾತ್ರೆಗಳಾದ ಕ್ಲೊನಜೆಪಾಮ್, ಆಲ್‌ಪ್ರಜೋಲಾಮ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇವು ಬೇಗ ನೆಮ್ಮದಿ ಕೊಡುತ್ತವೆ, ಆದರೆ ಕೆಲವೇ ವಾರ ದಿನವೂ ನುಂಗಿದರೂ ದೇಹ ಒಗ್ಗಿಹೋಗಬಹುದು. ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ, ಆಗಿನ ಡೋಸಿನ ಶೇ 5ರಿಂದ 10ರಷ್ಟು ಇಳಿಸಿ ಶುರು ಮಾಡುತ್ತಾರೆ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಫಿಟ್ಸ್ ಬಂದರೆ, ಇಲ್ಲವೇ ಮಾತು ದಿಕ್ಕುತಪ್ಪಿ ಇಲ್ಲದ್ದು ಕಾಣಿಸತೊಡಗಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.